ತಿಮ್ಮಕ್ಕ ಕೊಟ್ಟ ಹುಯ್ಲು

"ಆ ಸ್ವಿಚ್ಚಿಗೆ ಕೈ ಹಾಕೂದ್ ಬ್ಯಾಡ್ರಾ, ಸಾಯ್ಬ್ರೆ. ಮೊದ್ಲು ಮುಟ್ಟಿದವ್ರ ಕೈ ಮರ ಆಗ್ತದೆ. ಹುಯ್ಲು ಬಿದ್ದದೆ."

ಕಂಬ ನೆಡುವ ಆಳು ಈರ ಹೀಗೆಂದಾಗ ಮಹಾಬಲ ಬಾಯ್ತುಂಬ ನಕ್ಕ. ಸಂತೆಗುಳಿಯ ಕಡೆಯಿಂದ ಓದಿ ಮೇಲೆ ಬಂದ ಇಂಜಿನಿಯರ್ ಅವನು, ಕಾಸರಕೋಡಕ್ಕೆ ಹೊಸಬ. ಹೆದ್ದಾರಿಯಿಂದ ದಂಡೆಯವರೆಗೆ ಡಾಂಬರು ರಸ್ತೆ ಆಗಿತ್ತು. ಇನ್ನು ಕರೆಂಟು ಬಂದರೆ ಐಸ್ ಫ್ಯಾಕ್ಟರಿ ಶುರು. ಐಸ್ ಸಿಕ್ಕರೆ ಲಾರಿ ಬರುತ್ತದೆ, ಲಾರಿಯ ಹಿಂದೆ ವ್ಯಾಪಾರಿಗಳು ಬರುತ್ತಾರೆ. ಊರು ಉದ್ಧಾರವಾಗುವ ಹೊತ್ತಿಗೆ ಇವರದೊಂದು ಹುಯ್ಲು!

ಅನ್ಯಾಯವಾದವರು ಊರ ದೇವರು ಜಟಕನ ಕಲ್ಲಿನೆದುರು ನಿಂತು ದೂರು ಒಪ್ಪಿಸುವುದಕ್ಕೆ ಇಲ್ಲಿ ಹುಯ್ಲು ಕೊಡುವುದು ಎನ್ನುತ್ತಾರೆ. ಈ ಸಲ ಕೊಟ್ಟವಳು ತಿಮ್ಮಕ್ಕ. ಗಂಡನನ್ನು ಕಳೆದುಕೊಂಡ ಮೇಲೆ ದಂಡೆಯ ಮರಳಿನಲ್ಲಿ ಮೀನು ಒಣಗಿಸಿ, ಬುಟ್ಟಿ ಹೊತ್ತು ಮಾರಿ, ಒಬ್ಬಳೇ ಮಗಳನ್ನು ಸಾಕಿದವಳು. ಫ್ಯಾಕ್ಟರಿ ಎದ್ದದ್ದು ಅದೇ ಮರಳಿನ ಮೇಲೆ. ಅವಳನ್ನು ಯಾರೂ ಒಂದು ಮಾತು ಕೇಳಿರಲಿಲ್ಲ. ದೊಡ್ಡ ಕೆಲಸಕ್ಕೆ ಇಳಿದವರಿಗೆ ಸಣ್ಣವರ ಹೊಟ್ಟೆ ಯಾವತ್ತು ಕಂಡಿದೆ?

ಈರ ಕೊನೆಯ ಕಂಬದ ಬುಡ ತೋರಿಸಿದ. ಕೆಂಪು ಬಟ್ಟೆಯಲ್ಲಿ ಸುತ್ತಿದ ತೆಂಗಿನಕಾಯಿ, ಅದರ ಕಣ್ಣುಗಳಿಗೆ ಹೊಡೆದ ಕಬ್ಬಿಣದ ಮೊಳೆ. ಮೇಲೆ ಸುರಿದ ಕೋಳಿರಕ್ತ ಕಪ್ಪಗೆ ಹೆಪ್ಪುಗಟ್ಟಿ ನಾರುತ್ತಿತ್ತು. ನೊಣ ಗುಂಯ್ಗುಡುತ್ತಿತ್ತು.

"ಎಂತ ಮಾರಾಯ, ಒಳ್ಳೆ ಕಾಯಿ ಹಾಳು ಮಾಡಿದ್ರಲ!" ಎಂದು ಮಹಾಬಲ ಅದನ್ನು ಬೂಟುಗಾಲಿನಿಂದ ಒದ್ದ. ಕಾಯಿ ಉರುಳಿ ಅಳಿವೆಯ ನೀರಿಗೆ ಬಿತ್ತು. ಈರ ಕಣ್ಣು ಮುಚ್ಚಿಕೊಂಡ.

ಕರೆಂಟು ಕೊಡುವ ದಿನ ಬಂತು. ಮುಚ್ಚಂಜೆ. ಫ್ಯಾಕ್ಟರಿಯ ಷೆಡ್ಡಿನೊಳಗೆ ಆಗಲೇ ಕತ್ತಲು ಕೂತಿತ್ತು. ಊರಿನ ಜನ ಬಾಗಿಲಿನವರೆಗೂ ತುಂಬಿದ್ದರು. ಅಮೋನಿಯಾದ ಘಾಟು ಮೂಗಿಗೆ ಹೊಡೆಯುತ್ತಿತ್ತು. ಮಹಾಬಲ ಸ್ವಿಚ್ಚಿನ ಹಿಡಿಕೆಯತ್ತ ಕೈ ಚಾಚಿದ.

ಘಾಟಿನ ಅಡಿಯಿಂದ ಇನ್ನೊಂದು ವಾಸನೆ ಎದ್ದಿತು. ಕೋಳಿರಕ್ತದ್ದು. ಕತ್ತಲಲ್ಲೆಲ್ಲೋ ಮರಕ್ಕೆ ಮರ ತಾಗಿದಂತೆ ಟಕ್ ಎಂದಿತು. ಮತ್ತೆ ಟಕ್. ಬೆರಳ ತುದಿ ತಣ್ಣಗಾಯಿತು. ಎಂತದೂ ಇಲ್ಲೆ, ಎಂತದೂ ಇಲ್ಲೆ ಎಂದು ಒಳಗೊಳಗೇ ಹೇಳಿಕೊಂಡ. ಕೈ ಮುಂದೆ ಹೋಗಲಿಲ್ಲ. ಜನ ನೋಡುತ್ತಿದ್ದರು. ಮರ್ಯಾದೆ ಹೋಗುವ ಹೊತ್ತಿಗೆ ಬುದ್ಧಿ ಓಡಿತು.

"ಊರಿನ ಹೆಣ್ಣುಮಗಳ ಕೈಯಿಂದಲೇ ಆಗಲಿ," ಎಂದ, ನಗುತ್ತ. "ಲಕ್ಷ್ಮಿ ಬಂದ ಹಾಗೆ."

ಜನ ಚಪ್ಪಾಳೆ ತಟ್ಟಿದರು. ಗುಂಪಿನಿಂದ ಹಸಿರು ಬಳೆಯ ಹುಡುಗಿಯೊಬ್ಬಳು ತಾನಾಗಿಯೇ ಮುಂದೆ ಬಂದಳು.

"ಕಮಲಿ, ಬ್ಯಾಡಾ!" ಈರ ಕೂಗಿದ. "ಸಾಯ್ಬ್ರೆ, ಅದು ತಿಮ್ಮಕ್ಕನ ಮಗಳು!"

ಮಹಾಬಲನಿಗೆ ಕೇಳಿಸಿತು. ತಡೆಯಬಹುದಿತ್ತು. ತಡೆಯಲಿಲ್ಲ.

ಕಮಲಿ ಹಿಡಿಕೆ ಎತ್ತಿದಳು. ಬೆಳಕು. ಜನ ಹೋ ಎಂದರು. ಯಂತ್ರ ಗುಡುಗಿತು. ಕಮಲಿಯ ಕೈ ಹಿಡಿಕೆಯಿಂದ ಇಳಿಯಲಿಲ್ಲ. ಮಹಾಬಲ ಟೆಸ್ಟರ್ ಹಿಡಿದ. ಹಿಡಿಕೆಯಲ್ಲಿ ಕರೆಂಟಿರಲಿಲ್ಲ. ಅವಳ ಬೆರಳು ಬೂದಿಯ ಬಣ್ಣಕ್ಕೆ ತಿರುಗಿತು. ಅಂಗೈ. ಮಣಿಕಟ್ಟು. ಬಳೆಗಳು ಒಂದೊಂದಾಗಿ ಒಡೆದವು. ಈರ ಎಳೆದು ಬಿಡಿಸಿದ. ಕೈ ಗೋಡೆಗೆ ತಾಗಿತು. ಟಕ್ ಎಂದಿತು.

"ನೋವಿಲ್ಲ," ಎಂದಳು ಕಮಲಿ. "ಆದ್ರೆ ಈ ಕೈ ನಂದಲ್ಲ."

ಮರುದಿನ ಬೆಳಿಗ್ಗೆ ಜಟಕನ ಕಲ್ಲಿನೆದುರು ತಿಮ್ಮಕ್ಕ ಬೋರಲು ಬಿದ್ದಿದ್ದಳು. ಹಣೆ ಚಚ್ಚಿ ಚಚ್ಚಿ ರಕ್ತ ಇಳಿದಿತ್ತು. "ತೆಗ್ದೆ ನನ್ನಪ್ಪಾ, ಹುಯ್ಲು ಹಿಂದೆ ತೆಗ್ದೆ! ನನ್ ಮಗಳ ಕೈ ಬಿಡು!" ಕೊಟ್ಟವರು ಹಿಂದೆ ತೆಗೆದರೆ ಸಾಕು ಎಂದೇ ಎಲ್ಲರೂ ನಂಬಿದ್ದರು.

ದೇವರು ಮೈಮೇಲೆ ಬರುವ ಪಾತ್ರಿ ಶನಿಯಾರ ನಡುಗುತ್ತ ನಿಂತಿದ್ದ. ಅವನ ಬಾಯಿಂದ ಬಂದ ದನಿ ಅವನದಾಗಿರಲಿಲ್ಲ.

"ಒಬ್ಬನ ಪಾಲಿನದು ಇನ್ನೊಬ್ಬಳ ಮೇಲೆ ಕೂತದೆ. ಯಾರು ಕೈ ಹಿಂದೆ ತೆಗ್ದನೋ ಅವ ಮುಂದೆ ಬಂದು ನಂದು ಅನ್ಬೇಕು. ಅಂದ್ರೆ ಇವಳದ್ದು ಬಿಡ್ತೆ, ಅವನದ್ದು ಹಿಡಿತೆ."

ಈರ ಮಹಾಬಲನನ್ನು ನೋಡಿದ. ಎಲ್ಲರೂ ನೋಡಿದರು. ತಿಮ್ಮಕ್ಕ ತೆವಳಿಕೊಂಡು ಬಂದು ಅವನ ಪಾದ ಹಿಡಿದಳು. "ಒಂದ್ ಮಾತು ಸಾಯ್ಬ್ರೆ. ಒಂದೇ ಒಂದ್ ಮಾತು."

ನನ್ನದು ಎಂದರೆ ಆಗುತ್ತಿತ್ತು. ಮಹಾಬಲ ತನ್ನ ಬಲಗೈ ನೋಡಿಕೊಂಡ. ಬರೆಯುವ ಕೈ, ಉಣ್ಣುವ ಕೈ. ಶನಿಯಾರ ಇನ್ನೊಮ್ಮೆ ಕೇಳಿದ. ಮಹಾಬಲ ಆ ಕೈಯನ್ನು ಬೆನ್ನ ಹಿಂದೆ ಸರಿಸಿದ. ಶನಿಯಾರನ ನಡುಕ ನಿಂತಿತು. ಅವನು ಸುಸ್ತಾಗಿ ಕುಸಿದು ಕೂತ. ಹೊತ್ತು ಮೀರಿತ್ತು.

"ಅವ್ರ ಕಾಲು ಬಿಡು ಅವ್ವಾ," ಎಂದಳು ಕಮಲಿ. "ಬೇಕಂದೇ ಹೋದೆ ನಾನು. ನೀ ಹುಯ್ಲು ಕೊಟ್ಟದ್ದು ನಂಗೆ ಗೊತ್ತಿತ್ತು. ಹೆತ್ತವಳ ಶಾಪ ಮಕ್ಕಳಿಗೆ ತಟ್ಟೂದಿಲ್ಲ ಅಂತಾರಲೆ. ನಾ ಮುಟ್ಟಿದ್ರೆ ಅದು ಅಲ್ಲೇ ಸತ್ತೋಗ್ತದೆ, ಅವ್ರ ಕೈನೂ ಉಳೀತದೆ, ನಿಂಗೂ ಪಾಪ ಬರೂದಿಲ್ಲ ಅಂದ್ಕಂಡೆ."

ತಿಮ್ಮಕ್ಕ ಪಾದ ಬಿಟ್ಟಳು. ಮಗಳ ಕೈಯನ್ನು ಮಡಿಲಲ್ಲಿಟ್ಟುಕೊಂಡು, ಬಿಸಿ ಬಂದೀತೆಂದು ಸೆರಗಿನಿಂದ ಉಜ್ಜತೊಡಗಿದಳು. ಉಜ್ಜಿದಳು, ಉಜ್ಜುತ್ತಲೇ ಇದ್ದಳು. ಆ ಬೆಳಗಿನ ಸಂಕಟ ಯಾವ ತಾಯಿಗೂ ಬೇಡ. ಹೊಸ ರಸ್ತೆಯ ಮೇಲೆ ಮೊದಲ ಲಾರಿಗಳು ಹಾರನ್ ಹೊಡೆಯುತ್ತ ಬರುತ್ತಿದ್ದವು.

ಮಹಾಬಲ ತಲೆ ತಗ್ಗಿಸಿ ಹೊರಟ. ಹಿಂದಿನಿಂದ ಕಮಲಿ ಕರೆದಳು. ದನಿಯಲ್ಲಿ ಕುಹಕವಿರಲಿಲ್ಲ.

"ಸಾಯ್ಬ್ರೆ, ನಿಮ್ಮ ಕೈಗೆ ಎಂತದೂ ಆಗ್ಲಿಲ್ಲ ಅಲ್ದಾ?"

"ಇಲ್ಲ," ಎಂದ ಮಹಾಬಲ. ಆ ಮಾತಿಗೆ ಮಾತ್ರ ಬಾಯಿ ಬಂತು.

"ಆತು ಹಂಗಾರೆ," ಎಂದು ಹುಡುಗಿ ಸಮಾಧಾನಪಟ್ಟಳು.