ಹೊಳೆವ್ವನ ಕಲ್ಲು

ಪುನರುತ್ಥಾನದ ಹಾಡು ಹೇಳುತ್ತ ಸ್ಮಶಾನಕ್ಕೆ ಬಂದವರ ಕಣ್ಣಿಗೆ ನಿಂತಿರುವ ಗೋರಿಗಲ್ಲು ಒಂದೂ ಕಾಣಲಿಲ್ಲ. ೧೯೭೫ರ ಈಸ್ಟರ್ ಅದು. ಮೂಡಣದಲ್ಲಿ ಆಗಷ್ಟೇ ಬೆಳಕು ಹರಿಯುತ್ತಿತ್ತು. ತಿಕೋಟಾದ ಕ್ರೈಸ್ತ ಸಭೆಯವರು ಮೇಣದ ಬತ್ತಿ ಹಿಡಿದು ತಮ್ಮ ಪಾದ್ರಿ ಅಯ್ಯನವರ ಹಿಂದೆ ಸಾಲಾಗಿ ಬಂದಿದ್ದರು. ಮುಂದಿದ್ದವರು ಗಕ್ಕನೆ ನಿಂತರು, ಹಿಂದಿದ್ದವರು ಅವರ ಬೆನ್ನಿಗೆ ಡಿಕ್ಕಿ ಹೊಡೆದರು, ಹಾಡು ನಡುವೆಯೇ ನಿಂತುಹೋಯಿತು. ಗೋರಿಗಳ ತಲೆದೆಸೆಗೆ ನೆಟ್ಟಿದ್ದ ಚಿಕ್ಕ ಚಿಕ್ಕ ಶಹಾಬಾದಿ ಚಪ್ಪಡಿ ಕಲ್ಲುಗಳನ್ನೆಲ್ಲ ಯಾರೋ ಕಿತ್ತು ಪಕ್ಕದ ನೆಲಕ್ಕೆ ಉರುಳಿಸಿದ್ದರು. ಹೊಳೆವ್ವನ ಗೋರಿಯ ಕಲ್ಲಂತೂ ಅಲ್ಲಿ ಇರಲೇ ಇಲ್ಲ.

ಸಾಲಿನ ಕೊನೆಯಲ್ಲಿದ್ದ ಸತ್ಯಮಿತ್ರ ಮಾಸ್ತರರು ಜನರನ್ನು ಸರಿಸಿಕೊಂಡು ಮುಂದೆ ಬಂದು ನೋಡಿದರು. ವಿಜಾಪುರದ ಸಾಲೆಯಲ್ಲಿ ಕಲಿಸುತ್ತಿದ್ದರೂ ಅವರ ಜೀವವೆಲ್ಲ ಹುಟ್ಟೂರು ತಿಕೋಟಾದ ಚರ್ಚಿನಲ್ಲಿತ್ತು. ಎಷ್ಟೋ ವರ್ಷ ಅದಕ್ಕೆ ಬೀಗ ಬಿದ್ದು, ಬಾವಲಿಗಳೇ ಅಲ್ಲಿ ಸಭೆ ಸೇರುತ್ತಿದ್ದವು. ಕರುಣಾಕರ ಅಯ್ಯನವರೆಂಬ ಎಳೆಯ ಪಾದ್ರಿ ಸೈಕಲ್ ತುಳಿದುಕೊಂಡು ಬಂದು, ಮನೆಮನೆಯ ಬಾಗಿಲು ಬಡಿದು, ದೂರ ಸರಿದಿದ್ದ ಕುಟುಂಬಗಳನ್ನು ಮತ್ತೆ ಕೂಡಿಸಿದ್ದರು. ಭಾನುವಾರದ ಆರಾಧನೆ, ಹಾಡಿನ ಮೇಳ, ಹೆಣ್ಣುಮಕ್ಕಳ ಸಂಘ ಎಲ್ಲವೂ ಚಿಗುರಿದ್ದವು. ಈಸ್ಟರಿನ ಹಿಂದಿನ ದಿನ ಗೋರಿಗಳಿಗೆ ಮಣ್ಣು ಮೆತ್ತಿ ಸುಣ್ಣ ಬಳಿದು, ಮರುದಿನ ಸೂರ್ಯ ಹುಟ್ಟುವ ಮೊದಲು ಅಲ್ಲಿಗೆ ಹೋಗಿ ಹಾಡುವ ಹಳೆಯ ಪದ್ಧತಿಯೂ ಆ ವರ್ಷ ಮತ್ತೆ ಶುರುವಾಗಿತ್ತು. ಆಸೆ ಬಿಡಬೇಕಾದ ವಯಸ್ಸಿನಲ್ಲಿ ಮಾಸ್ತರರು ಆಸೆಪಟ್ಟಿದ್ದರು. ತಪ್ಪು ಅವರದೇ.

ಹಿಂದಿನ ದಿನ ಅವರು ಊರಿಗೆಲ್ಲ ನಗೆಪಾಟಲಾಗಿದ್ದರು. ಸುಣ್ಣಕ್ಕೆ ಬೆರೆಸುವ ನೀಲಿ ತರುವ ಕೆಲಸ ಅವರದು. ಸ್ಟೇಷನ್ ರಸ್ತೆಯ ಅಂಗಡಿಯಲ್ಲಿ ಪೊಟ್ಟಣ ಕಟ್ಟಿಸಿಕೊಂಡು ಬಸ್ಸು ಹತ್ತಿದರೆ, ಬಸ್ಸು ನಡುದಾರಿಯಲ್ಲಿ ಕೆಟ್ಟು ನಿಂತಿತು. ಅವರು ಮುಟ್ಟುವಷ್ಟರಲ್ಲಿ ಗೋರಿಗಳೆಲ್ಲ ಬರೀ ಸುಣ್ಣದಲ್ಲೇ ಮುಗಿದಿದ್ದವು. "ಮಾಸ್ತರ ನೀಲಿ ಮುಂದಿನ ವರ್ಷಕ್ಕಾತು ಬಿಡ್ರಿ" ಎಂದು ಮುದುಕಿ ಮಲಕವ್ವ ಕಾಡಿಸಿದಳು. ಉಳಿದ ಸುಣ್ಣಕ್ಕೆ ನೀಲಿ ಕಲಸಿ ಚರ್ಚಿನ ಮುಂದಿನ ಗೋಡೆಗೆ ಬಳಿದರು. ಮಿಕ್ಕಿದ್ದನ್ನು ಗಡಿಗೆಯಲ್ಲಿ ಚರ್ಚಿನ ಒಳಗಿಟ್ಟು ಬೀಗ ಹಾಕಿದರು.

ಹೊಳೆವ್ವನ ಮಗ ರಾಮಲಿಂಗ ಹಾಡಿನ ಮೇಳದ ಮುಂದಾಳು. ಸುಣ್ಣದ ಕೆಲಸ ಮುಗಿಸಿ ಸಂಜೆ ಬಬಲೇಶ್ವರದಲ್ಲಿದ್ದ ಅಕ್ಕ ಶಂಕ್ರೆವ್ವನ ಮನೆಗೆ ಹೋಗಿದ್ದವನು, ಬೆಳಗಾಗುತ್ತಲೇ ಸೈಕಲ್ ಮೇಲೆ ನೇರ ಸ್ಮಶಾನಕ್ಕೇ ಬಂದ. ಕಾಣೆಯಾದ ಕಲ್ಲಿನ ಮೇಲೆ ಶಿಲುಬೆಯನ್ನೂ ತಾಯಿಯ ಹೆಸರನ್ನೂ, ಕೆಳಗೆ ತನ್ನ ಹೆಸರನ್ನೂ ಕೆತ್ತಿದ್ದವನು ಅವನೇ. ಗೋರಿಯ ಪಕ್ಕ ಕುಸಿದು ಅವನು ಅತ್ತ ಅಳುವಿಗೆ ಗಂಡಸರ ಕಣ್ಣೂ ತುಂಬಿದವು. ಸಭೆಯಲ್ಲಿ ಹೆಚ್ಚು ಓದಿದ ಹುಡುಗ ಅವನು. ಸರ್ಕಾರಿ ನೌಕರಿಗೆ ಆಯ್ಕೆಯಾಗಿದ್ದ, ಊರಲ್ಲಿ ಅವನ ಬಗ್ಗೆ ವಿಚಾರಿಸುವ ಚೌಕಶಿಯೊಂದು ಮುಗಿದರೆ ಆದೇಶ ಬರುವುದಿತ್ತು. ಅದಕ್ಕಾಗಿ ಹಿಂದಿನ ಭಾನುವಾರ ಸಭೆಯೆಲ್ಲ ಎದ್ದು ನಿಂತು ಪ್ರಾರ್ಥಿಸಿತ್ತು. ಆ ಜಾಗ ಪರಿಶಿಷ್ಟ ಜಾತಿಯವರಿಗೆ ಕಾದಿರಿಸಿದ್ದೆಂದೂ, ಕ್ರೈಸ್ತನಾದವನಿಗೆ ಅದು ಸಿಗುವುದಿಲ್ಲವೆಂದೂ ಎಲ್ಲರಿಗೂ ಗೊತ್ತಿತ್ತು. ಬಾಯಿ ಬಿಟ್ಟು ಆಡಿದವರು ಯಾರೂ ಇಲ್ಲ.

ಸಿಟ್ಟೆಲ್ಲ ಹೊರಳಿದ್ದು ಬುಡ್ಡೇಸಾಬನ ಕಡೆಗೆ. ಅವನ ಹೊಲ ಸ್ಮಶಾನದ ಬದಿಗೇ ಇತ್ತು. ಸಭೆಯವರು ಹೊಸದಾಗಿ ಹಾಕಿದ ಮುಳ್ಳಬೇಲಿ ಅವನ ಬಂಡಿ ದಾರಿಯನ್ನು ಮುಚ್ಚಿತ್ತು. ಒಂದು ದಿನ ಇದನ್ನೆಲ್ಲ ಕಿತ್ತು ಒಗೆಯುತ್ತೇನೆಂದು ಅವನು ಸಂತೆಯಲ್ಲಿ ಕೂಗಾಡಿದ್ದ. ಈಗ ನೋಡಿದರೆ ಅವನ ಹಾರೆ ಗೋರಿಗಳ ನಡುವೆ ಬಿದ್ದಿತ್ತು. ಹೊಲದ ಗುಡಿಸಲಲ್ಲಿಟ್ಟಿದ್ದೆ, ಅದಕ್ಕೆ ಬಾಗಿಲೇ ಇಲ್ಲ ಎಂದು ಅವನು ಹೇಳಿದ್ದನ್ನು ಕೇಳುವವರಿರಲಿಲ್ಲ. ಹುಡುಗರು ಅವನನ್ನು ಚಾವಡಿಗೆ ಎಳೆದೊಯ್ದು ಕೂಡಿಸಿದರು. ಕಲ್ಲು ಅವನ ಬಾವಿಯಲ್ಲಿರಬೇಕು, ನೀರು ಸೇದಿ ಬರಿದು ಮಾಡೋಣ, ಸಂಜೆಯೊಳಗೆ ಪಿರ್ಯಾದಿ ಕೊಡೋಣ ಎಂದು ಮಾತಾಯಿತು. ಅತ್ತ ಬುಡ್ಡೇಸಾಬನ ಓಣಿಯವರೂ ಗುಂಪುಗೂಡತೊಡಗಿದರು. ಅವನ ಹೆಂಡತಿ ದಾವಲಬಿ ಮಾಸ್ತರರನ್ನು ಹುಡುಕಿಕೊಂಡು ಬಂದು ಹೇಳಿದ್ದು ಒಂದೇ ಮಾತು: "ನಿಮ್ಮಪ್ಪನ ಕುಣಿನೂ ನಮ್ಮೋರ ತೋಡ್ಯಾರ್ರಿ, ಮಾಸ್ತರ."

ಸಭೆಯಲ್ಲಿ ಯಾರೇ ಸತ್ತರೂ ಹೂಳಲು ಕುಣಿ ತೋಡುತ್ತಿದ್ದವನು ಬುಡ್ಡೇಸಾಬನೇ. ಮಾಸ್ತರರು ಮೊದಲ ಬಸ್ಸಿಗೇ ವಿಜಾಪುರದ ಜೋರಾಪುರ ಪೇಟೆಗೆ ಹೋದರು.

ಪೇಟೆಯಲ್ಲಿ ಅವರ ಮನೆಯ ಗೋಡೆಗೆ ಗೋಡೆ ಹಚ್ಚಿದ ಮನೆ ಅಮೋಘಿ ಫೌಜದಾರರದು. ಪೊಲೀಸ್ ನೌಕರಿಯಿಂದ ಅವರು ನಿವೃತ್ತರಾಗಿದ್ದರು, ಮೀಸೆ ಮಾತ್ರ ಇನ್ನೂ ನೌಕರಿಯಲ್ಲಿತ್ತು. ಪೇಟೆಯಲ್ಲಿ ಕಳುವಾದ ಕುರಿಯಿಂದ ಹಿಡಿದು ಇಬ್ರಾಹಿಂಪುರದಲ್ಲಿ ಕಾಣೆಯಾದ ಗಂಡನವರೆಗೆ ಎಲ್ಲ ಅವರ ಕಟ್ಟೆಗೇ ಬರುತ್ತಿತ್ತು, ಮಾಸ್ತರರು ಪ್ರತಿ ಸಲವೂ ಅವರ ಬೆನ್ನಿಗಿರುತ್ತಿದ್ದರು. ಸಂಗತಿ ಕೇಳಿ ಫೌಜದಾರರು ಚಹಾ ಬಸಿಯಲ್ಲೇ ಬಿಟ್ಟು ಎದ್ದರು.

"ಕಲ್ಲ ಯಾರೂ ಎತ್ತಿ ನಿಲ್ಲಿಸಿಲ್ಲಲ್ಲ, ಮಾಸ್ತರ?"

"ಇಲ್ರಿ. ಅಯ್ಯನವ್ರು ಕಾವಲ ನಿಂತಾರ."

ಸ್ಮಶಾನದಲ್ಲಿ ಫೌಜದಾರರು ಚಪ್ಪಲಿ ಬಿಟ್ಟು ಒಳಗೆ ಹೋದರು. ಹಾರೆಯ ತುದಿಯನ್ನು ಧೋತರದ ಚುಂಗಿನಿಂದ ಒರೆಸಿದರು. ಬಟ್ಟೆಗೆ ತುಕ್ಕು ಹತ್ತಿತೇ ಹೊರತು ಬೇರೇನೂ ಹತ್ತಲಿಲ್ಲ. ಮೆತ್ತಿದ ಮಣ್ಣು ಇನ್ನೂ ಹಸಿಯಿದ್ದ ಒಂದೊಂದು ಗೋರಿಯನ್ನೂ ಬಗ್ಗಿ ನೋಡಿದರು. ಸುಣ್ಣದ ಮೇಲೆ ಎಲ್ಲೂ ಹೆಜ್ಜೆ ಮೂಡಿರಲಿಲ್ಲ. ಕಲ್ಲು ಕಿತ್ತ ಜಾಗಗಳು ಹಲ್ಲು ಬಿದ್ದ ವಸಡಿನಂತೆ ಬಾಯಿ ತೆರೆದಿದ್ದವು. ಹೊಳೆವ್ವನ ಗೋರಿಯಲ್ಲಿ ಮಾತ್ರ ಆ ತಗ್ಗಿಗೆ ಮಣ್ಣು ತುಂಬಿ, ಅಂಗೈಯಿಂದ ತಟ್ಟಿ, ಮೇಲೆ ಸುಣ್ಣ ಸವರಲಾಗಿತ್ತು. ಅಲ್ಲಿ ಅವರು ಬಹಳ ಹೊತ್ತು ಕುಕ್ಕರಗಾಲಲ್ಲಿ ಕೂತರು.

"ಈ ಬಿಳಪ ನೋಡ್ರಿ, ಬಾಜೂ ಗೋರಿದೂ ನೋಡ್ರಿ" ಎಂದರು.

ತಟ್ಟಿದ ಜಾಗದಲ್ಲಿ ಸ್ವಲ್ಪ ನೀಲಿ ಹೊಳಪಿದ್ದಂತೆ ಮಾಸ್ತರರಿಗೆ ಕಂಡಿತು. ಬಿಸಿಲಿನ ಆಟವಿರಬೇಕು ಎಂದುಕೊಂಡರು. ಫೌಜದಾರರು ಅಯ್ಯನವರನ್ನು ಚರ್ಚಿನ ಬೀಗದ ಬಗ್ಗೆ ಕೇಳಿದರು. ಬೀಗ ಸರಿಯಾಗಿಯೇ ಇತ್ತು. ಕೀಲಿಗಳು ಎರಡು. ರಾತ್ರಿ ಅಯ್ಯನವರು ಮಾಸ್ತರರ ಅಣ್ಣನ ಮನೆಯಲ್ಲಿ ಮಲಗಿದ್ದರು, ಅವರ ಕೀಲಿ ಅಲ್ಲೇ ಮಾಸ್ತರರ ಟ್ರಂಕಿನಲ್ಲಿತ್ತು. ಇನ್ನೊಂದು ಕೀಲಿ ಮೇಳದ ಹಾರ್ಮೋನಿಯಂ ತೆಗೆಯಲೆಂದು ರಾಮಲಿಂಗನ ಹತ್ತಿರ ಇರುತ್ತಿತ್ತು. ಅವನು ಹೇಗೂ ಊರಲ್ಲಿರಲಿಲ್ಲವಲ್ಲ ಎಂದರು ಅಯ್ಯನವರು. ಫೌಜದಾರರು ಹೌದು ಎಂದು ತಲೆಯಾಡಿಸಿ, ಬಬಲೇಶ್ವರದ ಕಡೆ ಹೊರಟಿದ್ದ ದ್ರಾಕ್ಷಿಯ ಟ್ರಕ್ಕಿಗೆ ಕೈ ಮಾಡಿದರು.

ಶಂಕ್ರೆವ್ವನ ಮನೆಯಲ್ಲಿ ಫೌಜದಾರರೊಬ್ಬರೇ ಒಳಗೆ ಹೋದರು. ಅಂಗಳದಲ್ಲಿ ಕೂತ ಮಾಸ್ತರರಿಗೆ ಮೊದಲು ಜೋಳದ ಚೀಲ ಸರಿಸುವ ಸದ್ದು ಕೇಳಿತು, ಆಮೇಲೆ ಹೆಂಗಸು ಅಳುವ ಸದ್ದು. ಹೊರಗೆ ಬಂದಾಗ ಫೌಜದಾರರ ಹೆಗಲ ಮೇಲೆ ಹೊಸ ಧೋತರದಲ್ಲಿ ಸುತ್ತಿದ ಗಂಟೊಂದಿತ್ತು. ಅದರ ಚೌಕ ಅಂಚು ಕಂಡದ್ದೇ, ಒಳಗಿರುವುದು ಹೊಳೆವ್ವನ ಕಲ್ಲೆಂದು ತಿಳಿದು ಮಾಸ್ತರರು ದಾರಿಗೆ ಅಡ್ಡ ನಿಂತರು.

"ಇದನ್ನ ಇಲ್ಲೇ ಬಿಟ್ಟು ಹೋಗೂಣ್ರಿ, ಸಾಹೇಬ್ರ. ಸಭಾ ಉಳೀತೈತಿ."

"ಬುಡ್ಡೇಸಾಬನ್ನ ಏನ ಮಾಡೂಣು?"

ಮಾಸ್ತರರು ದಾರಿ ಬಿಟ್ಟು ಸರಿದು, ಗಂಟಿಗೆ ತಾವೂ ಒಂದು ಕೈ ಕೊಟ್ಟರು. ಇಬ್ಬರೂ ತಿಕೋಟಾಕ್ಕೆ ಮರಳಿದರು.

ಹೊತ್ತು ಇಳಿಯುವಾಗ ಎಲ್ಲರೂ ಚರ್ಚಿನಲ್ಲಿ ಸೇರಿದರು. ಬುಡ್ಡೇಸಾಬನನ್ನು ಚಾವಡಿಯಿಂದ ಕರೆಸಿದ್ದರು, ದಾವಲಬಿ ಬಾಗಿಲ ಬಳಿ ನಿಂತಿದ್ದಳು. ರಾಮಲಿಂಗ ಹಾರ್ಮೋನಿಯಂ ಪಕ್ಕದಲ್ಲಿದ್ದ. ಗಂಟು ಫೌಜದಾರರ ಕಾಲ ಬಳಿಯಿತ್ತು, ಅವರು ಅದನ್ನು ಬಿಚ್ಚಲಿಲ್ಲ.

ಮೊದಲು ಹಾರೆಯನ್ನು ಎತ್ತಿ ತೋರಿಸಿದರು. ಗೋರಿಯ ಮಣ್ಣು ಹಸಿಯಿರುವಾಗ ಹಾರೆಯ ತುದಿಗೆ ಒಂದು ಚೂರೂ ಹತ್ತಿಲ್ಲವೆಂದರೆ ಅದರಿಂದ ಯಾರೂ ಕಲ್ಲು ಕಿತ್ತಿಲ್ಲ, ಜನರ ಕಣ್ಣಿಗೆ ಬೀಳಲೆಂದು ತಂದು ಇಟ್ಟಿದ್ದಾರೆ. ಕಲ್ಲುಗಳು ಹಗುರ, ಕೈಯಿಂದ ಅಲುಗಿಸಿದರೂ ಬರುತ್ತವೆ. ಸಿಟ್ಟಿನಿಂದ ಬಂದವನು ಗೋರಿ ತುಳಿಯಲು ಹಿಂದೆಮುಂದೆ ನೋಡುವುದಿಲ್ಲ. ಇಲ್ಲಿ ಬಂದವನು ಒಂದನ್ನೂ ತುಳಿದಿಲ್ಲ, ಒಂದು ಕಲ್ಲನ್ನೂ ಗೋರಿಯ ಮೇಲೆ ಬೀಳಗೊಟ್ಟಿಲ್ಲ. ಆದರೆ ಅಷ್ಟರಿಂದಲೇ ಬುಡ್ಡೇಸಾಬ ಬಿಡುಗಡೆಯಾಗುವುದಿಲ್ಲ, ಅವನೂ ಈ ಗೋರಿಗಳನ್ನು ತೋಡಿದವನೇ ಎಂದು ಅವರೇ ಹೇಳಿದರು.

"ಅಂವನ್ನ ಬಿಡಿಸಿದ್ದು ನಮ್ಮ ಮಾಸ್ತರ ನೀಲಿ. ಹೊಳೆವ್ವನ ಗೋರಿ ತಗ್ಗಿಗೆ ಹಚ್ಚಿದ್ದು ನೀಲಿ ಸುಣ್ಣ. ಆ ಸುಣ್ಣ ಇದ್ದದ್ದು ಈ ಚರ್ಚಿನೊಳಗ, ಬೀಗದ ಹಿಂದ. ಬುಡ್ಡೇಸಾಬಗ ಕೀಲಿ ಎಲ್ಲೀದು?"

ಕೀಲಿ ಎರಡೆಂದು ಎಲ್ಲರಿಗೂ ಗೊತ್ತಿತ್ತು. ತಲೆಗಳು ಒಂದೊಂದಾಗಿ ಹಾರ್ಮೋನಿಯಂ ಕಡೆ ತಿರುಗಿದವು.

ಯಾಕೆ ಎಂದು ಅಯ್ಯನವರು ಕೇಳಿದರು. ಕೇಳದೆ ಇದ್ದಿದ್ದರೆ ಚೆನ್ನಾಗಿತ್ತು ಎಂದು ಮಾಸ್ತರರಿಗೆ ಸಾಯುವತನಕ ಅನ್ನಿಸುತ್ತಿತ್ತು. ಫೌಜದಾರರು ಅರ್ಧ ಹೇಳಿ ಬಿಡುವ ಜಾತಿಯವರಲ್ಲ.

"ಇಂಥಾ ಚೌಕಶಿ ನಾನೂ ನೌಕರಿಯೊಳಗ ಭಾಳ ಮಾಡೇನಿ. ಊರ ಮಂದಿ ಸುಳ್ಳ ಹೇಳಬಹುದು. ಅದಕ್ಕ ಸತ್ತೋರ್ನ ಎಲ್ಲಿ ಇಟ್ಟಾರಂತ ಹೋಗಿ ನೋಡ್ತಿದ್ವಿ. ಆ ಕಲ್ಲಿನ ಮ್ಯಾಲ ಶಿಲುಬಿ ಐತಿ, ಅದರ ಬುಡಕ ಮಗನ ಹೆಸರೈತಿ. ಚೌಕಶಿಯವ ಅದನ್ನ ಕಂಡ್ರ ನೌಕರಿ ಹೋತು. ಅದೊಂದ ಕಿತ್ರ ಸಂಶೇ ಬರ್ತೈತಂತ ರಾತ್ರಿ ಸೈಕಲ್ ಮ್ಯಾಲ ತಿರುಗಿ ಬಂದು ಎಲ್ಲಾ ಕಿತ್ತಾನ. ತಾಯಿ ತಗ್ಗ ಮಾತ್ರ ತೆರದ ಬಿಡಾಕ ಅಂವಗ ಆಗಲಿಲ್ಲ."

ರಾಮಲಿಂಗ ಅಲ್ಲಗಳೆಯಲಿಲ್ಲ. "ಕಲ್ಲ ಒಡದ ಬಿಡಬೇಕಂತ ಮಾಡಿದ್ನಿರಿ, ಕೈ ಬರಲಿಲ್ಲ" ಎಂದ. "ನಾ ಕಲೀಲಿ ಅಂತ ಅಕಿ ಮಂದಿ ಹೊಲದಾಗ ಬೆನ್ನ ಮುರಕೊಂಡ್ಲು. ಬದುಕಿದ್ರ ತಾನ ಕಿತ್ತ ಕೊಡ್ತಿದ್ಲು."

ಬೆಳಗಿನ ಅಳು ನಾಟಕವಾಗಿರಲಿಲ್ಲವೆಂದು ಮಾಸ್ತರರಿಗೆ ಆಗ ತಿಳಿಯಿತು. ನಾಟಕವಾಗಿದ್ದರೆ ಅವನನ್ನು ಬೈದು ಹಗುರಾಗಬಹುದಿತ್ತು.

ಬುಡ್ಡೇಸಾಬ ಮೆಲ್ಲಗೆ ಎದ್ದು ತನ್ನ ಹಾರೆಯನ್ನು ತೆಗೆದುಕೊಂಡ. "ಇದ ಹಾರಿಲೇ ನಿಮ್ಮವ್ವನ ಕುಣಿ ತೋಡೇನಿ, ತಮ್ಮಾ. ಇದನ್ನ ಯಾಕ ತಂದ ಇಟ್ಟಿ?"

ರಾಮಲಿಂಗ ಜೇಬಿನಿಂದ ಚರ್ಚಿನ ಕೀಲಿ ತೆಗೆದು ಹಾರ್ಮೋನಿಯಂ ಮೇಲೆ ಇಟ್ಟ. ಸಭೆಯ ಹಿರಿಯರು ಬುಡ್ಡೇಸಾಬನಿಗೆ ಕೈ ಮುಗಿದರು. ಅವನು ಅದನ್ನು ನೋಡದೆ ಹೆಂಡತಿಯ ಜೊತೆ ಹೊರಗೆ ನಡೆದ.

ಅಯ್ಯನವರ ಕಣ್ಣು ಕೆಂಪಾಗಿದ್ದವು. ತಪ್ಪು ಆಗಿಹೋಯಿತು, ಕ್ಷಮಿಸೋಣ, ಕತ್ತಲಾಗುವ ಮೊದಲು ಎಲ್ಲರೂ ಹೋಗಿ ಕಲ್ಲುಗಳನ್ನು ಮತ್ತೆ ನಿಲ್ಲಿಸೋಣ ಬನ್ನಿ ಎಂದರು. ಬಾಗಿಲವರೆಗೆ ಹೋಗಿ ತಿರುಗಿ ನೋಡಿದರೆ ಒಬ್ಬರೂ ಎದ್ದಿರಲಿಲ್ಲ. ಕೊನೆಗೆ ಮಲಕವ್ವ ಗೋಡೆ ಹಿಡಿದು ಎದ್ದಳು.

"ನಮ್ಮ ಮನಿಯವರ ಕಲ್ಲ ಬಿದ್ದಲ್ಲೇ ಇರಲಿ ಬಿಡ್ರಿ, ಅಯ್ಯನವ್ರ. ಮೊಮ್ಮಗ ಈ ವರ್ಷ ಮ್ಯಾಟ್ರಿಕ್ ಕುಂತಾನ."

ಆಮೇಲೆ ಇನ್ನೊಬ್ಬ ತನ್ನ ತಂದೆಯ ಕಲ್ಲಿನ ಮಾತು ತೆಗೆದ. ಅವನ ಹಿಂದೆ ಮತ್ತೊಬ್ಬಳು ಅತ್ತೆಯ ಕಲ್ಲಿನ ಮಾತು ತೆಗೆದಳು. ಯಾರ ದನಿಯಲ್ಲೂ ಸಿಟ್ಟಿರಲಿಲ್ಲ. ಸತ್ತವರನ್ನು ನೋಡಿ ಬದುಕಿದವರನ್ನು ಗುರುತಿಸುತ್ತಾರೆಂಬುದು ಅವರಿಗೆ ಅಲ್ಲಿಯತನಕ ಹೊಳೆದಿರಲಿಲ್ಲ. ಫೌಜದಾರರು ಅದನ್ನು ಬಿಡಿಸಿ ಹೇಳಿದ್ದರು.

ಬಸ್ ಸ್ಟ್ಯಾಂಡಿನಲ್ಲಿ ಫೌಜದಾರರು "ನಾ ಕಾರಣಾ ಹೇಳಬಾರದಿತ್ತೇನು, ಮಾಸ್ತರ?" ಎಂದು ಕೇಳಿದರು. ಹೇಳಬಾರದಿತ್ತು ಎನ್ನಲು ಮಾಸ್ತರರಿಗೆ ಬಾಯಿ ಬರಲಿಲ್ಲ, ಹೇಳಿದ್ದು ಸರಿ ಎನ್ನಲು ಮನಸ್ಸು ಬರಲಿಲ್ಲ.

ಚೌಕಶಿಗೆ ಬಂದವನು ಆ ವಾರವೇ ಬಂದ. ಚಾವಡಿಯಲ್ಲಿ ಕೂತು ಚಹಾ ಕುಡಿದು, ಗೌಡರನ್ನು ಎರಡು ಮಾತು ಕೇಳಿ, ಸಿಕ್ಕ ಬಸ್ಸಿಗೆ ಹೋದ. ಸ್ಮಶಾನ ಯಾವ ಕಡೆಗಿದೆ ಎಂದೂ ಅವನು ಕೇಳಲಿಲ್ಲ. ರಾಮಲಿಂಗನಿಗೆ ದೂರದ ಊರಲ್ಲಿ ನೌಕರಿಯಾಯಿತು, ಅವನು ತಿಕೋಟಾಕ್ಕೆ ಮತ್ತೆ ಕಾಲಿಡಲಿಲ್ಲ. ಕಲ್ಲು ಶಂಕ್ರೆವ್ವನ ಜೋಳದ ಚೀಲಗಳ ಅಡಿಗೇ ಮರಳಿತು. ಮಳೆಗಾಲದ ಹೊತ್ತಿಗೆ ಆರಾಧನೆಗೆ ಬರುವವರು ಅಯ್ಯನವರೊಬ್ಬರೇ ಆದರು. ಚಳಿಗಾಲದಲ್ಲಿ ಅವರನ್ನೂ ಬೇರೆ ಊರಿಗೆ ವರ್ಗ ಮಾಡಿದರು. ಚರ್ಚಿಗೆ ಮತ್ತೆ ಬೀಗ ಬಿತ್ತು.

ಮರುವರ್ಷ ಈಸ್ಟರಿನ ಹಿಂದಿನ ದಿನ ಮಾಸ್ತರರು ಸ್ಟೇಷನ್ ರಸ್ತೆಯಲ್ಲಿ ನೀಲಿ ಕಟ್ಟಿಸಿಕೊಂಡು ಬಸ್ಸು ಹತ್ತಿದರು. ಆ ಸಲ ಬಸ್ಸು ಎಲ್ಲೂ ಕೆಡದೆ ಹೊತ್ತಿಗೆ ಸರಿಯಾಗಿ ಮುಟ್ಟಿತು. ಮುಳ್ಳಬೇಲಿ ಹೋಗಿತ್ತು, ಬುಡ್ಡೇಸಾಬನ ಬಂಡಿಯ ಗಾಲಿಯ ಗುರುತು ಹಳೆಯ ದಾರಿಯಲ್ಲಿ ಮತ್ತೆ ಮೂಡಿತ್ತು. ಅವನ ಬಂಡಿಯೂ ಗೋರಿಗಳನ್ನು ತುಳಿಯದೆ ಬಳಸಿಕೊಂಡೇ ಹೋಗಿತ್ತು. ಆದರೆ ಬಿದ್ದಿದ್ದ ಕಲ್ಲುಗಳೂ ಅಲ್ಲಿಂದ ಹೋಗಿದ್ದವು, ಯಾರದು ಯಾವುದು ಎಂದು ಹೇಳುವ ಒಂದೂ ಉಳಿದಿರಲಿಲ್ಲ. ತಮ್ಮ ತಂದೆಯದು ಯಾವುದೆಂದು ಮಾಸ್ತರರಿಗೇ ಗೊತ್ತಾಗಲಿಲ್ಲ. ಪೊಟ್ಟಣ ಕೈಯಲ್ಲಿ ಹಿಡಿದು ಅವರು ಕೊನೆಯ ಬಸ್ಸಿನ ಹೊತ್ತಿನವರೆಗೆ ನಿಂತಿದ್ದರು. ಸುಣ್ಣ ಕಲಸುವವರು ಯಾರೂ ಬರಲಿಲ್ಲ.