ಮುಟ್ಟಬಾರದ ಪುಸ್ತಕ

“ಮುಟ್ಟಬ್ಯಾಡ ಅದನ್ನ!”

ಮದುವೆಯಾದ ಎರಡನೆಯ ದಿನ ಸಿಮಿಯೋನಪ್ಪ ತನ್ನ ಹೆಂಡತಿಗೆ ಆಡಿದ ಮೊದಲ ಮಾತು ಇದು. ಎಂಥ ಚಂದದ ಮೊದಲ ಮಾತು ನೋಡಿ!

ಗೋಡೆಯ ಗೂಡಿನಲ್ಲಿದ್ದ ವೇದಪುಸ್ತಕದತ್ತ ಚಾಚಿದ್ದ ಸುವಾರ್ತಮ್ಮನ ಕೈ ಹಾಗೇ ನಿಂತಿತು. ದೀಪ ಹಚ್ಚುವ ಹೊತ್ತಾಯಿತು, ಪ್ರಾರ್ಥನೆಗೆ ಪುಸ್ತಕ ತೆಗೆದಿಡೋಣ ಎಂದುಕೊಂಡಿದ್ದಳು, ಅಷ್ಟೇ.

ಅವಳ ಕಣ್ಣು ತುಂಬಿ ಬಂತು. ‘ಮುಟ್ಟಬೇಡ’ ಎಂಬ ಮಾತನ್ನು ಬಾವಿಕಟ್ಟೆಯಲ್ಲಿ ಕೇಳಿ ಕೇಳಿ ಸಾಕಾಗಿಯೇ ಅವಳ ಅಜ್ಜ ಚರ್ಚಿನ ಮೆಟ್ಟಿಲು ಹತ್ತಿದ್ದ. ತವರೂರು ಯಾದಗಿರಿಯಲ್ಲಿ ಪ್ರತಿ ಭಾನುವಾರ ಅವಳೇ ಮಕ್ಕಳನ್ನು ಕೂಡಿಸಿಕೊಂಡು ಈ ಪುಸ್ತಕ ಓದಿ ಹೇಳುತ್ತಿದ್ದಳು. ಈಗ ವಿಶ್ವಾಸಿಗಳ ಮನೆಯಲ್ಲೇ, ಕಟ್ಟಿಕೊಂಡ ಗಂಡನ ಬಾಯಿಂದಲೇ ಆ ಮಾತು!

‘ನಾನು ಬೇಡವಾಗಿದ್ದರೆ ಮದುವೆ ಯಾಕಾದ...?’

ಸಗರದ ಆ ಎರಡು ಅಂಕಣದ ಮನೆಯಲ್ಲಿದ್ದವರು ಮೂರೇ ಜನ. ಸಿಮಿಯೋನಪ್ಪ ಊರ ಸಾಲಿಯ ಮಾಸ್ತರ. ಅವನ ತಾಯಿ ಭೀಮವ್ವನಿಗೆ ಅಕ್ಷರ ಮೊದಲೇ ಬಾರದು, ಈಗ ಕಣ್ಣೂ ಮಂಜು. ಸಂಜೆ ಮಗ ಪುಸ್ತಕ ತೊಡೆಯ ಮೇಲಿಟ್ಟುಕೊಂಡು, ಕುರಿ ಕಾಯುವವನಂತೆ ದೇವರು ನಮ್ಮನ್ನು ಕಾಯುತ್ತಾನೆ ಎಂಬ ಕೀರ್ತನೆ ಓದಿದರೆ ಅವಳಿಗೆ ಹೊಟ್ಟೆ ತುಂಬುತ್ತಿತ್ತು. ಗಂಡ ಸತ್ತ ದುಃಖವನ್ನೂ, ಕೂಲಿ ಮಾಡಿ ಮಗನನ್ನು ಬೆಳೆಸಿದ ಕಷ್ಟವನ್ನೂ ಆ ದನಿ ಕೇಳಿಯೇ ನುಂಗಿದವಳು.

ಓದು ಮುಗಿದ ಮೇಲೆ ಒಬ್ಬೊಬ್ಬರಾಗಿ ಬಾಯಿಬಿಟ್ಟು ಪ್ರಾರ್ಥಿಸುವುದು ಆ ಮನೆಯ ಪದ್ಧತಿ. ಹಗಲೆಲ್ಲ ಒಬ್ಬರ ಮುಖ ಒಬ್ಬರು ನೋಡದ ಗಂಡ ಹೆಂಡತಿಯ ಜಗಳ ಸಂಜೆಯಾದರೆ ದೇವರ ಮುಂದೆ ಹೋಗಿ ನಿಲ್ಲುತ್ತಿತ್ತು.

“ದೇವ್ರೇ, ನಾ ಬ್ಯಾಡಾದವರ ಮನಿಗಿ ನನ್ನ ಯಾಕ ಕಳಿಸಿದಿ?”

“ದೇವ್ರೇ, ಬ್ಯಾಡ ಅಂತ ಯಾರೂ ಅಂದಿಲ್ಲ. ಆಕಿಗಿ ತಿಳಿಸಿ ಹೇಳು.”

“ದೇವ್ರೇ, ಅಂದವರಿಗಿ ಮರತಿರಬೇಕು. ಕೇಳಿದವರಿಗಿ ಮರತಿಲ್ಲ!”

“ಆಮೆನ್ ಅನ್ರಿ ಇಬ್ರೂ!” ಭೀಮವ್ವ ಗದರಿದಳು. “ದೇವ್ರಿಗಿ ನಿಮ್ಮ ಪಂಚಾಯ್ತಿ ಬಿಟ್ರ ಬ್ಯಾರೆ ಕೆಲಸ ಇಲ್ಲೇನು? ರೊಟ್ಟಿ ಆರಾಕತ್ತಾವ.”

ಶನಿವಾರ ಸುವಾರ್ತಮ್ಮನ ಅಣ್ಣ ಬಂಡಿ ಕಟ್ಟಿಕೊಂಡು ಕರೆಯಲು ಬರುವವನಿದ್ದ. ಹೋದರೆ ತಿರುಗಿ ಬರುವುದಿಲ್ಲವೆಂದು ಅವಳು ಗಟ್ಟಿ ಮನಸ್ಸು ಮಾಡಿಬಿಟ್ಟಳು.

ಅದೇ ವಾರ ಸಾಲಿಗೆ ಹೊಸ ಹುಕುಂ ಬಂತು. ನಿಜಾಮರ ಆಳ್ವಿಕೆ ಹೋಗಿ ಮೂರು ವರ್ಷವಾಗಿತ್ತು. ಇನ್ನು ಉರ್ದುವಿನ ಬದಲು ಕನ್ನಡದಲ್ಲಿ ಪಾಠ. ಮಾಸ್ತರರೆಲ್ಲ ಸುರಪುರಕ್ಕೆ ಹೋಗಿ ಕನ್ನಡ ಪರೀಕ್ಷೆ ಪಾಸಾಗಬೇಕು, ಇಲ್ಲದಿದ್ದರೆ ನೌಕರಿ ಇಲ್ಲ. ಅಂದಿನಿಂದ ಸಿಮಿಯೋನಪ್ಪನ ಮುಖ ಸಪ್ಪಗಾಯಿತು.

‘ಮನೆಮಾತೇ ಕನ್ನಡ. ಇವರಿಗೇಕೆ ಭಯ?’ ಎಂದು ಅವಳಿಗೆ ಸೋಜಿಗ.

ಶುಕ್ರವಾರ ಸಂಜೆ ಅವನು ಎಂದಿನಂತೆ ಕೀರ್ತನೆ ಓದುತ್ತಿದ್ದ. ದೀಪದ ಬತ್ತಿ ಏರಿಸಲು ಬಗ್ಗಿದ ಸುವಾರ್ತಮ್ಮನ ಕಣ್ಣು ಪುಸ್ತಕದ ಮೇಲೆ ಬಿತ್ತು. ಅಲ್ಲಿ ಕೀರ್ತನೆ ಇರಲೇ ಇಲ್ಲ! ಯಾರ ಮಗ ಯಾರು ಎಂಬ ಹೆಸರುಗಳ ಪುಟ ಅದು...

“ಸಾಕಪ್ಪಾ,” ಎಂದಳು ಭೀಮವ್ವ. “ನಾಳಿ ಸೊಸಿ ತವರಿಗಿ ಹೊಂಟಾಳ. ಇವತ್ತ ಆ ಅತ್ತಿ-ಸೊಸಿ ಕತಿ ಓದು.”

ಸಿಮಿಯೋನಪ್ಪ ಪುಟ ತಿರುವಿದ. ಮತ್ತೆ ತಿರುವಿದ. ಯಾವ ಪುಟದಲ್ಲೂ ಅವನ ಕಣ್ಣು ನಿಲ್ಲಲಿಲ್ಲ.

ಒಂದೇ ಕ್ಷಣದಲ್ಲಿ ಅವಳಿಗೆ ಎಲ್ಲ ತಿಳಿಯಿತು. ಅಯ್ಯೋ... ಇವರಿಗೆ ಕನ್ನಡ ಓದಲು ಬರುವುದಿಲ್ಲ! ಎಂಟು ದಿನದ ಸಿಟ್ಟು ತೀರಿಸಿಕೊಳ್ಳಲು ಒಂದು ಮಾತು ಸಾಕಾಗಿತ್ತು. ಆದರೆ ಆ ಮಾತು ಅವಳ ಬಾಯಿಗೆ ಬರಲಿಲ್ಲ.

“ಅತ್ತಿ, ಸಾಲ್ಯಾಗ ಒದರಿ ಒದರಿ ಅವರ ಗಂಟಲ ಕಟ್ಟ್ಯಾದ್ರಿ. ಇವತ್ತ ನಾ ಓದ್ತೀನಿ.” ಗಂಡನ ಕಡೆ ತಿರುಗಿ ಮೆಲ್ಲಗೆ ಕೇಳಿದಳು, “ಮುಟ್ಟಲೇನ್ರಿ?”

ಅವನು ತಲೆ ತಗ್ಗಿಸಿ ಪುಸ್ತಕವನ್ನು ಅವಳ ಕೈಗಿತ್ತ. ಅವಳು ಓದಿದಳು. ತವರಿಗೆ ಹೋಗು ಎಂದರೂ ಒಲ್ಲೆನೆಂದು ಸೊಸೆ ಅತ್ತೆಯ ಜೊತೆಗೇ ಹೊರಡುವ ಜಾಗಕ್ಕೆ ಬಂದಾಗ ನಿಜಕ್ಕೂ ಗಂಟಲು ಕಟ್ಟಿದ್ದು ಅವಳದು.

ಬೆಳಗಿನ ಜಾವ ಅವಳು ಜೋಳ ಬೀಸುತ್ತಿದ್ದಾಗ ಸಿಮಿಯೋನಪ್ಪ ಬಂದು ಬೀಸುವ ಕಲ್ಲಿನ ಎದುರು ಕುಳಿತ.

“ನಾ ಕಲತದ್ದು ಉರ್ದು ಸಾಲ್ಯಾಗ. ಕನ್ನಡ ಅಕ್ಷರ ಯಾರೂ ಕಲಿಸ್ಲಿಲ್ಲ. ಅಪ್ಪ ಸತ್ತ ದಿನ ಅವ್ವ ಈ ಪುಸ್ತಕ ತಂದು ತೊಡಿಮ್ಯಾಲ ಇಟ್ಟಳು. ‘ಓದಪ್ಪಾ, ನಿಮ್ಮಪ್ಪನಂಗ’ ಅಂದಳು. ಬರೂದಿಲ್ಲ ಅಂತ ಹ್ಯಾಂಗ ಅನ್ಲಿ? ಅಪ್ಪ ಓದತಿದ್ದದ್ದು ಬಾಯಾಗಿತ್ತು, ಅದನ್ನೇ ಅಂದೆ... ಹತ್ತು ವರ್ಷ ಆತು.”

“ಮತ್ತ ನನಗ ಯಾಕ ಮುಟ್ಟಬ್ಯಾಡ ಅಂದ್ರಿ?”

“ನೀ ಓದಾಕಿ ಅಂತ ಗೊತ್ತಿತ್ತು. ಪುಸ್ತಕ ನಿನ್ನ ಕೈಗಿ ಬಂದ್ರ ನನ್ನ ಕಳ್ಳತನ ಹೊರಗ ಬೀಳತದ ಅಂತ ಹೆದರಿದೆ. ನಿನ್ನ ಬ್ಯಾಡ ಅನ್ಲಿಲ್ಲ, ಸುವಾರ್ತಾ... ತಪ್ಪಾತು.”

ಅಳುತ್ತಲೇ ಅವಳಿಗೆ ನಗು ಬಂತು. ಬೀಸಿದ ಹಿಟ್ಟನ್ನು ಅಂಗೈಯಿಂದ ಸಮ ಮಾಡಿ, ಬೆರಳಿನಿಂದ ಒಂದು ಅಕ್ಷರ ಬರೆದಳು.

“ಇದರ ಮ್ಯಾಲ ತಿದ್ದರಿ.”

“ಹೇಣ್ತಿ ಕಡಿಂದ ಕಲೀಲೇನು?”

“ಛಡಿ ತರಲೇನ್ರಿ, ಮಾಸ್ತರ್ರ?”

ಅಂದು ಬಂದ ಅಣ್ಣ ಬಿಸಿ ರೊಟ್ಟಿ ಉಂಡು ಖಾಲಿ ಬಂಡಿ ಹೊಡೆದುಕೊಂಡು ಹೋದ. ಅವನಿಗೇನೂ ತಿಳಿಯಲಿಲ್ಲ, ಪಾಪ!

ಮೂರು ತಿಂಗಳ ತನಕ ದಿನಾ ಬೆಳಗ್ಗೆ ಹಿಟ್ಟಿನ ಮೇಲೆ ಪಾಠ ನಡೆಯಿತು. ಆಮೇಲೆ ಒಂದು ದಿನ ಸಿಮಿಯೋನಪ್ಪ ಸುರಪುರದಿಂದ ಪಾಸಾದ ಕಾಗದ ಹಿಡಿದು ಬಂದ.

ಆ ಸಂಜೆ ಅತ್ತೆ-ಸೊಸೆ ಕಥೆಯನ್ನು ಅವನೇ ಓದಿದ. ಸಾಲಿನ ಕೆಳಗೆ ಬೆರಳಿಟ್ಟು, ತಡವರಿಸಿ, ನಿಂತು ನಿಂತು ಓದಿದ. ರೊಟ್ಟಿ ಆರಿ ತಣ್ಣಗಾದವು.

“ಹತ್ತು ವರ್ಷ ಗಡಗಡ ಓದತಿದ್ದಿ,” ಎಂದಳು ಭೀಮವ್ವ.

ಸುವಾರ್ತಮ್ಮ ಗಂಡನ ಕಡೆ ನೋಡಿದಳು.

ಭೀಮವ್ವ ತಡಕಾಡಿ ಮಗನ ತಲೆ ಮುಟ್ಟಿದಳು. “ಅದು ನಿಮ್ಮಪ್ಪನ ದನಿ. ನಂಗೇನ್ ತಿಳೀಲಿಲ್ಲ ಅಂತ ಮಾಡಿಯೇನು? ನನ್ನ ಸಮಾಧಾನಕ್ಕ ಓದತಾನ ಅಂತ ಸುಮ್ಮನಿದ್ದೆ. ಸೊಸಿ ಕೈಗಿ ಪುಸ್ತಕ ಬರ್ಲಿ ಅಂತನೇ ಅವತ್ತ ಆ ಕತಿ ಕೇಳಿದೆ. ಇವತ್ತ ನಿನ್ನ ದನಿ ಕೇಳಿದೆ, ಮಗನೇ.”

ಸಿಮಿಯೋನಪ್ಪನ ಕಣ್ಣೀರು ಪುಟದ ಮೇಲೆ ಬಿತ್ತು. ಅದನ್ನು ಒರೆಸಿ ಪ್ರಾರ್ಥನೆಗೆ ಕಣ್ಣು ಮುಚ್ಚಿದ.

“ದೇವ್ರೇ, ಸುವಾರ್ತಾನ ಮ್ಯಾಲ ನನಗ ಭಾಳ ಜೀವ ಅದ. ಆಕಿಗಿ ತಿಳಿಸಿ ಹೇಳು.”

“ದೇವ್ರೇ, ಆಕಿ ಇಲ್ಲೇ ಬಾಜೂಕ ಕುಂತಾಳ. ಸೀದಾ ಹೇಳಾಕ ಇವರಿಗಿ ಏನಾಗ್ಯಾದ ಅಂತ ಕೇಳು!”

ಅವನು ಕಣ್ಣು ತೆರೆದು ಅವಳ ಕಡೆ ತಿರುಗಿದ. ಪುಸ್ತಕದ ಮೇಲಿದ್ದ ಅವಳ ಕೈಯ ಮೇಲೆ ತನ್ನ ಕೈ ಇಟ್ಟ.

“ಸುವಾರ್ತಾ... ನಿನ್ನ ಮ್ಯಾಲ ನನಗ ಭಾಳ ಜೀವ ಅದ.”

“ಆಮೆನ್‌ರಿ,” ಎಂದಳು ಅವಳು.