ಟುವಾಲಿನ ಕ್ಯಾಸೆಟ್

ಡಬ್ಬಿ ಇತ್ತು. ಒಳಗೆ ಕ್ಯಾಸೆಟ್ ಇರಲಿಲ್ಲ.

"ಮೂವತ್ತು ವರ್ಷ ಕಾಪಾಡಿದ್ದೆನಮ್ಮ," ಎಂದರು ಹಾಲಪ್ಪ ಮೇಷ್ಟ್ರು. "ಸಂಜೆ ಭಾಷಣ. ಅದಿಲ್ಲದಿದ್ರೆ ನಾನು ಬರೀ ಬೊಗಳೆ ಬಿಡೋ ಮುದುಕ."

೨೦೦೬ರ ಒಂದು ಭಾನುವಾರದ ಬೆಳಿಗ್ಗೆ, ಸ್ಯಾನ್ ಡಿಯೇಗೋದ ರ್ಯಾಂಚೊ ಪೆನಾಸ್ಕಿಟೋಸ್‌ನ ನಮ್ಮ ಗೆಳೆಯ ಶರಣುವಿನ ಮನೆ. ಮೇಷ್ಟ್ರು ಲಾಸ್ ಏಂಜಲೀಸ್ ಕಡೆಯ ಸೆರಿಟೋಸ್‌ನಲ್ಲಿ ಒಬ್ಬರೇ ಇರುವವರು. ಸ್ಯಾನ್ ಡಿಯೇಗೋ ಕನ್ನಡ ಸಂಘದ ಭಾಷಣಕ್ಕೆಂದು ಶುಕ್ರವಾರವೇ ಬಂದು ಇಲ್ಲಿ ಉಳಿದಿದ್ದರು. ಮಾತನಾಡಲು ಜನ ಸಿಗುತ್ತಾರೆಂಬ ಆಸೆ. ನನ್ನ ಹೆಂಡತಿ ರಾಜಲಕ್ಷ್ಮಿ ಟೊರ್ರಿ ಪೈನ್ಸ್‌ನ ಲ್ಯಾಬಿನಲ್ಲಿ ಪ್ರೋಟೀನುಗಳ ಬೆನ್ನು ಹತ್ತುವವಳು. ರಜೆಯಲ್ಲಿ ಮನುಷ್ಯರ ಬೆನ್ನು ಹತ್ತುತ್ತಾಳೆ. ನಾನು ಅರವಿಂದ, ಅವಳ ಡ್ರೈವರು.

"ಅದರಲ್ಲಿ ಏನಿತ್ತು ಸರ್?" ರಾಜಲಕ್ಷ್ಮಿ ಕೇಳಿದಳು.

"ಟುವಾಲು ಅನ್ನೋ ಪದ. ತೊಳೆಯೋದು ಅನ್ನೋ ಅರ್ಥದ ಹಳೇ ಜರ್ಮನಿಕ್ ಮಾತಿನಿಂದ ಹುಟ್ಟಿದ್ದು. ಫ್ರೆಂಚಿಗೆ ಹೋಯ್ತು, ಅಲ್ಲಿಂದ ಇಂಗ್ಲಿಷಿನ ಟವೆಲ್. ಸ್ಪೇನ್, ಪೋರ್ಚುಗಲ್‌ಗೂ ಹೋಯ್ತು. ಪೋರ್ಚುಗೀಸರ ಜೊತೆ ಗೋವಾಕ್ಕೆ ಬಂದು, ಘಟ್ಟ ಹತ್ತಿ ನಮ್ಮ ಮಗ್ಗ ಸೇರಿತು ಅಂತ ನನ್ನ ವಾದ. ಗೋವಾದ ಸಾಹುಕಾರರು ಆ ಹೆಸರು ಹೇಳಿಯೇ ಬಟ್ಟೆ ನೇಯಿಸ್ತಿದ್ರು ಅಂತ ರಬಕವಿಯ ಒಬ್ಬ ನೇಕಾರ ಹೇಳಿದ್ದ. ಆ ದನಿಯೊಂದೇ ನನ್ನ ಸಾಕ್ಷಿ."

"ಇದನ್ನ ಒಪ್ಪದವರು?"

"ನಿಮ್ಮ ಸಂಘದ ಬಾಲಸುಬ್ರಹ್ಮಣ್ಯ. ಪದ ಇಂಗ್ಲಿಷಿನಿಂದಲೇ ಬಂದಿದ್ದು ಅಂತ ಶುಕ್ರವಾರ ಇಲ್ಲೇ ಕೂತು ಜಗಳ ಆಡಿದರು. ಕ್ಯಾಸೆಟ್ ಸ್ವಲ್ಪ ಕೇಳಿಸಿದ ಮೇಲೆ ಸುಮ್ಮನಾದರು."

ಶನಿವಾರ ಮಧ್ಯಾಹ್ನ ಎಲ್ಲರೂ ಮೇಷ್ಟ್ರಿಗೆ ಸಮುದ್ರ ತೋರಿಸಲು ಹೋಗಿದ್ದರು. ಮನೆಯಲ್ಲಿದ್ದದ್ದು ಶರಣುವಿನ ತಾಯಿ ಗುರುಶಾಂತವ್ವ ಒಬ್ಬರೇ. ಆಗ ಬಾಲಸುಬ್ರಹ್ಮಣ್ಯ ಬಂದಿದ್ದರು—ಮರೆತ ಕನ್ನಡಕಕ್ಕಂತೆ. ನನ್ನ ಮಟ್ಟಿಗೆ ಕೇಸು ಮುಗಿದಿತ್ತು.

"ಅವರು ಮೇಷ್ಟ್ರ ರೂಮಿಗೆ ಹೋಗಿದ್ರಾ ಆಂಟಿ?" ರಾಜಲಕ್ಷ್ಮಿ ಗುರುಶಾಂತವ್ವನನ್ನು ಕೇಳಿದಳು.

"ಇಲ್ಲವಾ. ಬಾಗಲದಾಗ ನಿಂತ್ರು. ಚಸ್ಮಾ ನಾನ ತಂದು ಕೊಟ್ಟೆ."

"ಆಮೇಲೆ ನೀವು?"

"ಮಲಗಿದ್ದೆ."

ಶರಣು ಕೈ ಒರೆಸಿಕೊಳ್ಳುತ್ತ ಒಳಬಂದ. "ಅರವಿಂದ, ಜಂಪರ್ ಕೇಬಲ್ ಅದಾವೇನ್ರಿ? ಹಳೇ ಗಾಡಿ ಸ್ಟಾರ್ಟ್ ಆಗವಲ್ದು. ಬ್ಯಾಟರಿ ಡೌನ್. ಶುಕ್ರವಾರ ಛಲೋ ಇತ್ತು."

"ನಿನ್ನೆ ಯಾರು ಡ್ರೈವ್ ಮಾಡಿದ್ರು?" ರಾಜಲಕ್ಷ್ಮಿ ಕೇಳಿದಳು.

"ಯಾರೂ ಇಲ್ರಿ."

ಅವಳು ಹೊರಗೆ ಹೋಗಿ, ಆ ಕಾರಿನ ಕಿಟಕಿಯಲ್ಲಿ ಇಣುಕಿ ಬಂದಳು. ಕೇಬಲ್ ತೆಗೆದುಕೊಂಡು ಶರಣು ಹೊರಟಮೇಲೆ ಗುರುಶಾಂತವ್ವನ ಪಕ್ಕ ಕುಳಿತಳು.

"ಸಾಕ್ಷಿ ನಾಶ ಮಾಡೋರು ಕ್ಯಾಸೆಟ್ಟನ್ನ ಕಸಕ್ಕೆ ಎಸೀತಾರೆ. ಇದನ್ನ ತಗೊಂಡವರು ಕೇಳಿದ್ದಾರೆ. ಮೇಷ್ಟ್ರ ಕ್ಯಾಸೆಟ್ ಪ್ಲೇಯರ್ ಆಗಲೇ ಭಾಷಣದ ಹಾಲ್‌ಗೆ ಹೋಗಿತ್ತು. ಮನೆಯಲ್ಲಿ ಕ್ಯಾಸೆಟ್ ಹಾಕೋಕೆ ಆಗೋದು ಆ ಹಳೇ ಕಾರಿನಲ್ಲಿ ಮಾತ್ರ. ಎಂಜಿನ್ ಆಫ್ ಮಾಡಿ ಮಧ್ಯಾಹ್ನವಿಡೀ ಕೇಳಿದ್ರೆ ಬ್ಯಾಟರಿ ಇಳಿಯತ್ತೆ. ನೀವೇ ಅಲ್ವಾ ಆಂಟಿ?—ಯಾಕೆ?"

ಗುರುಶಾಂತವ್ವ ಸೆರಗಿನೊಳಗಿಂದ ಕ್ಯಾಸೆಟ್ ತೆಗೆದು ಮೇಜಿನ ಮೇಲಿಟ್ಟರು.

"ಆ ನೇಕಾರ ನಮ್ಮನಿಯವರು. ಶುಕ್ರವಾರ ಅಡಗಿಮನ್ಯಾಗಿಂದ ಕೇಳಿ ದನಿ ಗುರುತು ಹಿಡದೆ. ಶರಣೂಗ ಮೂರು ತುಂಬಿದ್ದಿಲ್ಲ, ಹೋಗಿಬಿಟ್ರು. ಫೋಟೋ ಐತಿ. ದನಿ ಇದ್ದಿದ್ದಿಲ್ಲ."

"ಕೇಳಿದ್ರೆ ಕೊಡ್ತಿದ್ದೆನಲ್ಲಮ್ಮ," ಎಂದರು ಮೇಷ್ಟ್ರು.

"ನಾಕ ಮಂದ್ಯಾಗ ಹೆಂಗ ಕೇಳಲ್ರಿ? ಕ್ಯಾಸೆಟ್ಟಿನ ಕಡೀಕ 'ಶಾಂತಾ, ಮಾಸ್ತರಿಗೆ ಚಾ ತಾ' ಅಂತಾರ. ಇಲ್ಲಿ ನಾ ಎಲ್ಲಾರಿಗೂ ಆಂಟಿ, ಮೊಮ್ಮಕ್ಕಳಿಗೆ ಅಜ್ಜಿ. ಹೆಸರು ಹಿಡದು ಕರಿಯಾವ್ರು ಒಬ್ರೂ ಇಲ್ಲ."

ರಾಜಲಕ್ಷ್ಮಿ ಕ್ಯಾಸೆಟ್ಟನ್ನು ಅವರ ಕಡೆಗೇ ಸರಿಸಿದಳು.

"ಸಭಾದಾಗ ಹಚ್ಚರಿ ಮಾಸ್ತರ. ಆದ್ರ ಆ ಮಾತು ಬರೂಕಿಂತ ಮೊದಲ ನಿಲ್ಲಸ್ರಿ. ಅದು ನನಗ ಕರದದ್ದು."

ಸಂಜೆ ನೇಕಾರನ ದನಿ ಸಭಾಂಗಣ ತುಂಬಿತು. ಗುರುಶಾಂತವ್ವ ಹೇಳಿದ್ದ ಕಡೆ ಮೇಷ್ಟ್ರು ಗುಂಡಿ ಒತ್ತಿ ನಿಲ್ಲಿಸಿದರು.

ಬಾಲಸುಬ್ರಹ್ಮಣ್ಯ ಎದ್ದರು. "ಮುಂದೆ ಇನ್ನೂ ಇದೆಯಲ್ಲ? ಪೂರ್ತಿ ಕೇಳಿಸದ ಸಾಕ್ಷಿಯನ್ನ ಯಾರು ಒಪ್ತಾರೆ?" ಕೆಲವರು ನಕ್ಕರು.

"ಒಪ್ಪಬೇಡಿ," ಎಂದರು ಮೇಷ್ಟ್ರು. ಕ್ಯಾಸೆಟ್ ತೆಗೆದು, ವೇದಿಕೆ ಇಳಿದು ಬಂದು, ಗುರುಶಾಂತವ್ವನ ಕೈಗೆ ಕೊಟ್ಟರು.

ಶರಣು ತಬ್ಬಿಬ್ಬಾದ. "ನಿನಗ್ಯಾಕವ್ವಾ? ಯಾರದದು ದನಿ?"

"ನಿಮ್ಮಪ್ಪಂದು," ಎಂದರು ಗುರುಶಾಂತವ್ವ.